ಮತ್ತಿಮರದ ಕೆಳಗಿನ ವೇಲ್ಸ್

ಇತಿಹಾಸ ಓದಿದರೆ ಯಾವ ನೌಕರಿ ಸಿಗುತ್ತದೆ ಎಂದು ಈಗಿನ ಹುಡುಗರು ಕೇಳುತ್ತಾರೆ. ಅದನ್ನು ನೌಕರಿ ಕೊಡುವವರನ್ನೇ ಕೇಳಬೇಕು. ಸಿಕ್ಕ ಮೇಲೆ ಕೆಲಸ ಹೇಗಿರುತ್ತದೆ ಎಂದು ಕೇಳಿದರೆ ಹೇಳಬಲ್ಲೆ. ಒಂದು ಕಲ್ಲಿಗೆ ಸ್ನಾನ ಮಾಡಿಸುವ ದಿನ ಬರಲಿ ಎಂದು ಮಳೆಗಾಲ, ಚಳಿಗಾಲ ಎರಡನ್ನೂ ಕಾಯುವ ಹಾಗಿರುತ್ತದೆ. ನಾನು ಕಾದಿದ್ದೇನೆ. ಈ ಕೆಲಸಕ್ಕೆ ಬರುವವರಿಗಾಗಿ ಅದನ್ನೇ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವವನಿಗೆ ಬೇಡದ್ದನ್ನು ಬರೆಯುವ ಪುರುಸೊತ್ತು ಇರುವುದಿಲ್ಲ. ಬಡ್ತಿ, ಸನ್ಮಾನ, ಶಾಲು ಎಲ್ಲ ಬಿಟ್ಟಿದ್ದೇನೆ.

ನಾನು ಓದಲು ಶುರು ಮಾಡಿದ್ದೇ ತಡವಾಗಿ. ಅದಕ್ಕಿಂತ ಮೊದಲು ದಾಂಡೇಲಿಯ ಒಂದು ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಉರುಳಿಸುತ್ತಿದ್ದೆ. ಪ್ರತಿ ದಿಮ್ಮಿಯ ತುದಿಗೆ ಬಣ್ಣದಲ್ಲಿ ಒಂದು ನಂಬರು ಬರೆದು, ಜೊತೆಗೆ ಸುತ್ತಿಗೆಯಿಂದ ಅದೇ ಅಂಕಿಗಳ ಗುರುತು ಒತ್ತಿರುತ್ತಿದ್ದರು. ಮಳೆಗೆ ಬಣ್ಣ ತೊಳೆದುಹೋಗುತ್ತಿತ್ತು, ಸುತ್ತಿಗೆಯ ಗುರುತು ಉಳಿಯುತ್ತಿತ್ತು. ಪಾಚಿ ಕಟ್ಟಿದ ದಿಮ್ಮಿಯ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ಕಣ್ಣು ಮುಚ್ಚಿ ಬೆರಳಿನಿಂದ ಸವರಿ ಹುಡುಕಬೇಕು. ಕೆಲಸ ಮಾಡಿಸುವ ನಮ್ಮ ಮುಕಾದಮ ಹೇಳುತ್ತಿದ್ದ: “ಕಣ್ಣು ಸುಳ್ಳು ಹೇಳತೈತಿ, ಬಟ್ಟು ಹೇಳೂದಿಲ್ಲ.” ಹಾಗೆ ನಾನು ಮೊದಲು ಅಂಕಿ ಕಲಿತೆ, ಅಕ್ಷರ ಆಮೇಲೆ ಬಂತು.

ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂತಾಗ ನನಗೆ ದಪ್ಪ ಮೀಸೆ. ಕೋಣೆಯ ಮೇಲ್ವಿಚಾರಕಿ ಬಂದು, “ಮಗನ್ನ ಕುಂಡ್ರಿಸಿ ಆತಲ್ರೀ, ಇನ್ನ ಹೊರಗ ಹೋಗ್ರಿ” ಅಂದರು. ಹಾಲ್ ಟಿಕೆಟ್ ತೋರಿಸಿದೆ. ಅವರು ಫೋಟೋ ನೋಡಿದರು, ಮೀಸೆ ನೋಡಿದರು, ಮುಂದೆ ಹೋದರು. ಹಿಂದಿನ ಬೆಂಚಿನ ಹುಡುಗರು ಪರೀಕ್ಷೆ ಮುಗಿಯುವ ತನಕ ನಗುತ್ತಿದ್ದರು.

ಮಕ್ಕಳ ಜೊತೆ ಕೂತ ಈ ಬೆಂಚಿನ ಕಾರಣಕ್ಕೇ ನಾನು ವೇಲ್ಸ್ ದೇಶಕ್ಕೆ ಸಿಕ್ಕಿಬಿದ್ದೆ. ಧಾರವಾಡದಲ್ಲಿ ಎಂ.ಎ. ಓದುವಾಗ ನಮ್ಮ ಗುರುಗಳು ಯುರೋಪಿನ ಧರ್ಮಗಳ ಇತಿಹಾಸ ಕಲಿಸುತ್ತಿದ್ದರು. ಇಂಗ್ಲೆಂಡಿನ ಪಕ್ಕಕ್ಕೆ ಅಂಟಿಕೊಂಡ ಸಣ್ಣ ಗುಡ್ಡಗಾಡು ದೇಶ ವೇಲ್ಸ್. ಅಲ್ಲಿಯ ಜನಕ್ಕೆ ಬೇರೆಯದೇ ಭಾಷೆ. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆ ಇರುವಾಗ ಊರಿಂದ ಊರಿಗೆ ತಿರುಗುವ ಶಾಲೆಗಳು ಅಲ್ಲಿದ್ದವು. ಕೆಲವು ತಿಂಗಳು ಒಂದು ಊರಲ್ಲಿ ನಿಂತು, ಜನಕ್ಕೆ ಅವರ ಮಾತಿನಲ್ಲೇ ಧರ್ಮಗ್ರಂಥ ಓದಲು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದವು. ಆಮೇಲೆ ರವಿವಾರದ ಶಾಲೆಗಳು ಬಂದವು. ಅಲ್ಲಿ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಕೂತು ಕಲಿಯುತ್ತಿದ್ದರು. ಗುರುಗಳು ಇದನ್ನು ಹೇಳುತ್ತ, ಬಿಳಿಗಡ್ಡದ ಮುದುಕ ಮೊಮ್ಮಗನ ಪಕ್ಕದಲ್ಲಿ ಕೂತು ಅಕ್ಷರ ಕೂಡಿಸುವ ಚಿತ್ರ ಕಟ್ಟಿದರು. ನಗದೇ ಇದ್ದವನು ತರಗತಿಯಲ್ಲಿ ನಾನೊಬ್ಬನೇ. ನನ್ನ ಬೆಂಚು ಅಲ್ಲಿತ್ತು.

ಸಂಶೋಧನೆಗೆ ಅದನ್ನೇ ತೆಗೆದುಕೊಂಡೆ. ನಿಘಂಟು ಇಟ್ಟುಕೊಂಡು ಆ ಭಾಷೆ ಓದಲು ಕಲಿತೆ. ಉಚ್ಚಾರ ತಿದ್ದುವವರು ಯಾರೂ ಇರಲಿಲ್ಲ. ವೇಲ್ಸಿಗೆ ಇವತ್ತಿನವರೆಗೂ ಹೋಗಿಲ್ಲ. ನೋಡದ ದೇಶದ ಬಗ್ಗೆ ಬರೆಯಬಹುದೇ ಎಂದು ಕೇಳಬಹುದು. ಸತ್ತವರ ಬಗ್ಗೆ ಬರೆಯುವವರೆಲ್ಲ ನೋಡದವರ ಬಗ್ಗೆಯೇ ಬರೆಯುವುದು. ಎಚ್ಚರ ಬೇಕು, ಅಷ್ಟೆ. ಆ ಜನದ ಪ್ರಾರ್ಥನಾ ಮಂದಿರದೊಳಗೆ ಮೂರ್ತಿ ಇಲ್ಲ, ಚಿತ್ರವಿಲ್ಲ, ದೀಪ ಧೂಪ ಇಲ್ಲ. ಬರಿಗೋಡೆ, ಬೆಂಚು, ಪುಸ್ತಕ, ಹಾಡು. ಕಲ್ಲಿಗೆ ಕೈ ಮುಗಿಯುವುದನ್ನು ಅವರು ಒಪ್ಪುತ್ತಿರಲಿಲ್ಲ. ಒಂದು ಮಂದಿಯ ಧರ್ಮ ತಿಳಿಯಬೇಕಾದರೆ ಅವರು ಏನು ಬೇಡ ಅಂದರು ಎಂಬುದನ್ನೂ ಕೇಳಿಕೊಳ್ಳಬೇಕು. ಇದನ್ನು ನಾನು ಪುಸ್ತಕದಲ್ಲಿ ಓದಿ ಪಾಠ ಮಾಡಿದೆ. ಅದು ನಮ್ಮ ತಾಲೂಕಿನಲ್ಲೇ ಎದುರಿಗೆ ಬಂದು ನಿಂತೀತು ಎಂದು ಅಂದುಕೊಂಡಿರಲಿಲ್ಲ.

ನೌಕರಿ ಮಾಡಿದ್ದು ಹಳಿಯಾಳದ ಕಾಲೇಜಿನಲ್ಲಿ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಫಕೀರಪ್ಪ ನಾನು ಸಿಕ್ಕಾಗಲೆಲ್ಲ ಕಾಡುತ್ತಿದ್ದ.

“ಏನ್ರೀ ಮಾಸ್ತರ, ನಮ್ಮೂರಿನ ಇತಿಹಾಸ ಎಲ್ಲಾ ಮುಗೀತೇನು, ವೇಲ್ಸಿಗೆ ಹೋಗಿ ಕುಂತೀರಿ?”

“ನಿಮ್ಮ ಅಂಗಡ್ಯಾಗ ಸೂರತ್ತಿನ ಸೀರಿ ಮಾರ್ತೀರಲ್ಲ, ಹಂಗs ಇದು.”

“ಸೀರಿ ಉಟಗೊಳ್ಳಾಕ ಬರತೈತ್ರಿ. ನಿಮ್ಮ ವೇಲ್ಸ್ ಯಾರು ಉಟಗೋಬೇಕು?”

ಇದೇ ಫಕೀರಪ್ಪ, ನನ್ನ ನಿವೃತ್ತಿಗೆ ಸ್ವಲ್ಪ ಮೊದಲು, ಒಂದು ಫೋಟೋ ಹಿಡಿದುಕೊಂಡು ಮನೆಗೆ ಬಂದ. ಹಳಿಯಾಳ, ದಾಂಡೇಲಿ ನಡುವೆ ರಸ್ತೆಯಿಂದ ಒಳಗೆ ಅವನ ಹಳ್ಳಿ. ಊರ ಹೊರಗೆ ಮತ್ತಿಮರದ ಕೆಳಗೆ ಎದೆಯೆತ್ತರದ ಕಲ್ಲೊಂದು ಇದೆ, ಮಂದಿ ಪೂಜೆ ಮಾಡುತ್ತಾರೆ. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ ಕೆತ್ತಿದ್ದಾರೆ. ಅದರ ಕೆಳಗೆಲ್ಲ ಎಣ್ಣೆ ಕುಂಕುಮದ ಕಪ್ಪು ಜಿಡ್ಡು. ಊರಲ್ಲಿ ಹೊಸ ಶಿವನ ಗುಡಿ ಕಟ್ಟುತ್ತಿದ್ದರು. ಕಮಿಟಿಗೆ ಫಕೀರಪ್ಪನೇ ಅಧ್ಯಕ್ಷ. ನನ್ನ ಬಾಯಲ್ಲಿ ಹೆಸರು ಕೇಳಿದ್ದ ಅವನು ಆ ಫೋಟೋವನ್ನು ನಮ್ಮ ಗುರುಗಳಿಗೆ ಮೊದಲೇ ಕಳಿಸಿದ್ದ. ಅವರು ಆಗಲೇ ನಿವೃತ್ತರಾಗಿ ಧಾರವಾಡದ ಮನೆಯಲ್ಲಿದ್ದರು. ಸೂರ್ಯ ಚಂದ್ರ ಇರುವುದರಿಂದ ಹಳೆಯ ದಾನಶಾಸನ ಇರಬಹುದು ಅಂದಿದ್ದರು. ಧಾರವಾಡದಿಂದ ಹಳಿಯಾಳಕ್ಕೆ ಬರುವಷ್ಟರಲ್ಲಿ ಆ “ಇರಬಹುದು” ಬಸ್ಸಿನಲ್ಲೇ ಉಳಿದಿತ್ತು.

“ಸಾವಿರ ವರ್ಷದ ಹಿಂದಿನ ರಾಜಾ ಶಿವಗ ಭೂಮಿ ಬಿಟ್ಟ ಕಲ್ಲು ಅದು,” ಅಂದ ಫಕೀರಪ್ಪ. “ನೀವು ಓದಿ ಬರದುಕೊಡ್ರಿ. ಗುಡಿ ಒಳಗ ತಂದು ನಿಲ್ಲಸ್ತೇವಿ.”

“ಓದಿದ ಮ್ಯಾಲೆ ಬರೀತೇನಿ. ಓದೂಕಿಂತ ಮೊದಲ ಅಲ್ಲ.”

“ಅದೇನ ಬ್ಯಾರೆ ಆಗತೈತ್ರಿ?”

ಬಸ್ಸಿಳಿದು ಹೋಗಿ ನೋಡಿದೆ. ಕಲ್ಲಿನ ಮುಂದೆ ನೆಲ ಸಾರಿಸಿತ್ತು. ಕಲ್ಲನ್ನು ನೋಡಿಕೊಳ್ಳುವವಳು ನೀಲವ್ವ, ಗೋವಿನಜೋಳದ ಹೊಲಗಳಿಗೆ ಕೂಲಿಗೆ ಹೋಗುವ ಮುದುಕಿ. ಆಕೆಯ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಇದನ್ನೇ ಮಾಡಿದವರು. ಪ್ರತಿ ಸೋಮವಾರ ದೀಪ ಹಚ್ಚಿ ಸುತ್ತಲಿನ ದೇವರ ಹೆಸರನ್ನೆಲ್ಲ ಹೇಳಿ, ಕೊನೆಗೆ “ಹೆಸರಿಲ್ಲದಪ್ಪ, ನಿನಗೂ” ಎನ್ನುತ್ತಿದ್ದಳು. ಕಲ್ಲಿನ ಹೆಸರು ಅದೇ, ಹೆಸರಿಲ್ಲದಪ್ಪ.

“ಮುಟ್ಟಬಹುದೇನವ್ವ?”

“ಕೈ ತೊಳಕೊಂಡು ಮುಟ್ರಿ. ಕೆರೀಬ್ಯಾಡ್ರಿ. ಅಪ್ಪಗ ಎಣ್ಣಿ ತೆಗದು ಮೈ ತೊಳಿಯೂದು ವರ್ಷದಾಗ ಒಂದ ಸಲ. ಶಿವರಾತ್ರಿ ಹಿಂದಿನ ದಿನ.”

ಕಣ್ಣು ಮುಚ್ಚಿ ಡಿಪೋದಲ್ಲಿ ಸವರುತ್ತಿದ್ದ ಹಾಗೆ ಸವರಿದೆ. ಕನ್ನಡದ ಅಕ್ಷರ ಹಳೆಯದಿರಲಿ ಹೊಸದಿರಲಿ ಬೆರಳಿನ ಕೆಳಗೆ ದುಂಡಗೆ ಹೊರಳುತ್ತದೆ. ಇಲ್ಲಿ ನೆಟ್ಟಗಿನ ಗೆರೆಗಳು ಸಿಕ್ಕವು. ನಿಂತ ಗೆರೆ, ಅಡ್ಡ ಗೆರೆ, ಮತ್ತೆ ನಿಂತ ಗೆರೆ. ಇದು ನಮ್ಮ ಲಿಪಿಯಲ್ಲ ಎಂದು ಬೆರಳಿಗೆ ಗೊತ್ತಾಯಿತು. ಬೇರೇನೂ ಗೊತ್ತಾಗಲಿಲ್ಲ.

ನೀಲವ್ವ ಕಲ್ಲನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. “ಏನ ಸಿಕ್ತು?”

“ಇನ್ನೂ ಗೊತ್ತಿಲ್ಲವ್ವ.”

“ಗೊತ್ತಾದ್ರ ಮೊದಲ ನನಗ ಹೇಳ್ರಿ. ಶಾಸನ ಅಂತಾದ್ರ ಗುಡಿ ಒಳಗ ಒಯ್ತಾರ. ಅಲ್ಲಿ ಬ್ಯಾರೆ ಪೂಜಾರಿ. ನನಗ ಬಾಗಲದಾಗ ನಿಂದ್ರಾಕೂ ಜಾಗ ಇರೂದಿಲ್ಲ. ದೇವರs ಅಲ್ಲ ಅಂತಾದ್ರ ಕಿತ್ತು ಒಗೀತಾರ. ಹೆಂಗಾದ್ರೂ ನನ್ನ ಅಪ್ಪ ಹೋಗತಾನ.” ಕಲ್ಲಿನ ಮೇಲೆ ಬಿದ್ದ ಎಲೆ ತೆಗೆದು, “ಹೋಗೂದ್ರೊಳಗ ಹೆಸರರ ಹೇಳ್ರಿ” ಅಂದಳು.

ಇತಿಹಾಸ ಓದುವವರಿಗೆ ಇಂಥ ಮಾತು ಯಾವ ತರಗತಿಯಲ್ಲೂ ಕಲಿಸುವುದಿಲ್ಲ. ನಾವು ಕಲ್ಲು ಓದುತ್ತೇವೆ. ಓದಿ ಮುಗಿದ ಮೇಲೆ ಆ ಕಲ್ಲಿನ ಪಕ್ಕದಲ್ಲಿ ಕೂತವರಿಗೆ ಏನಾಗುತ್ತದೆ ಎಂದು ನಾನು ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ.

ಅದು ಮಳೆಗಾಲದ ಶುರು. ಫಕೀರಪ್ಪನಿಗೆ ಶಿವರಾತ್ರಿವರೆಗೆ ಕಾಯುವುದು ಹುಚ್ಚುತನವಾಗಿ ಕಂಡಿತು.

“ಶಾಂಪೂ ಹಚ್ಚಿ ತಂತಿ ಬ್ರಷಿನಿಂದ ತಿಕ್ಕಿಬಿಡೂಣು ಬರ್ರಿ ಮಾಸ್ತರ. ಒಂದ ತಾಸಿನ ಕೆಲಸ.”

“ತಂತಿ ಬ್ರಷ್ ತಿಕ್ಕಿದ ಕಲ್ಲು ನೋಡೇನಿ. ಸ್ವಚ್ಛ ಇರತಾವ. ಅಕ್ಷರ ಒಂದ ಇರೂದಿಲ್ಲ.”

“ಮುದುಕಿಗೆ ಹೆದರಿದ್ರಿ ಅನ್ರಿ.”

“ಆಕಿಗೂ ಹೆದರೇನಿ.”

ಅಷ್ಟು ತಿಂಗಳು ನಾನು ಕಾಗದ ಹುಡುಕಿದೆ. ಶಾಸನ ಅಚ್ಚೊತ್ತುವ ರೀತಿ ಇದು: ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷಿನಿಂದ ಮೆಲ್ಲಗೆ ಬಡಿದು ಅಕ್ಷರದ ಗುಳಿಯೊಳಗೆ ಇಳಿಸಬೇಕು. ಆಮೇಲೆ ಮೇಲಿನಿಂದ ಮಸಿ ತಟ್ಟಬೇಕು. ಅಕ್ಷರ ಬೆಳ್ಳಗೆ ಉಳಿದು ಉಳಿದದ್ದೆಲ್ಲ ಕಪ್ಪಾಗುತ್ತದೆ. ಈಗಿನವರು ಮೊಬೈಲಿನಲ್ಲಿ ಫೋಟೋ ತೆಗೆದು ಬೆಳಕು ಹೆಚ್ಚು ಕಡಿಮೆ ಮಾಡಿ ಓದುತ್ತಾರೆ. ಅದು ತಪ್ಪಲ್ಲ, ನಾನೂ ಮಾಡುತ್ತೇನೆ. ಆದರೆ ಅಚ್ಚೊತ್ತುವಾಗ ಕಲ್ಲಿನ ಪ್ರತಿ ಅಂಗುಲಕ್ಕೆ ನಿಮ್ಮ ಕೈ ಮುಟ್ಟುತ್ತದೆ. ಅದಕ್ಕೆ ನೀರಿನಲ್ಲಿ ನೆನೆದರೂ ಹರಿಯದ ಕಾಗದ ಬೇಕು, ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಮುಂಡಗೋಡದ ಟಿಬೆಟನ್ ಕಾಲೊನಿಯ ಒಂದು ಮಠದಲ್ಲಿ ಕೈಕಾಗದದ ಮೇಲೆ ಮರದ ಅಚ್ಚಿನಿಂದ ಗ್ರಂಥ ಒತ್ತುತ್ತಾರೆ ಎಂದು ಕೇಳಿ ಹೋದೆ. ಅಲ್ಲಿ ಲೋಬ್ಸಾಂಗ್ ಎಂಬ ಸನ್ಯಾಸಿ ಸಿಕ್ಕ. ಕ್ಯಾಂಪಿನಲ್ಲೇ ಹುಟ್ಟಿದವನು, ಮುಂಡಗೋಡದ ಸಂತೆಯ ಕನ್ನಡ ಮಾತಾಡುತ್ತಿದ್ದ.

“ನಾವು ಇದರ ಮ್ಯಾಲೆ ದೇವರ ಮಾತ ಒತ್ತತೇವ್ರಿ. ನೀವು ಏನ ಒತ್ತವ್ರು?”

“ಏನ ಐತೋ ಗೊತ್ತಿಲ್ಲ.”

“ಗೊತ್ತಿಲ್ಲದ್ದನ್ನ ಒತ್ತಾಕ ಇಷ್ಟ ದೂರ ಬಂದ್ರಿ?” ಅವನು ನಕ್ಕ. ಚಹಾ ಕೊಟ್ಟು, ಕಾಲೇಜಿನಲ್ಲಿ ಏನು ಕಲಿಸುತ್ತೀರಿ ಎಂದು ಕೇಳಿದ. ಹೇಳಿದೆ. ತಮ್ಮ ಮಾತು, ತಮ್ಮ ಪ್ರಾರ್ಥನೆ ಉಳಿಸಿಕೊಳ್ಳಬೇಕೆಂದು ವೇಲ್ಸಿನ ಕೆಲವರು ಹಡಗು ಹತ್ತಿ ದಕ್ಷಿಣ ಅಮೆರಿಕದ ತುದಿಯ ಬಯಲಿಗೆ ಹೋಗಿ ನೆಲೆಸಿದ್ದನ್ನೂ ಹೇಳಿದೆ.

ಅವನು ಚಹಾದ ಕಪ್ಪು ಕೆಳಗಿಟ್ಟ. “ಅಲ್ಲಿ ಇನ್ನೂ ಆ ಮಾತು ಆಡ್ತಾರೇನ್ರಿ?”

“ಸ್ವಲ್ಪ ಮಂದಿ ಆಡ್ತಾರ.”

“ಸ್ವಲ್ಪ ಮಂದಿ,” ಅಂದ. ಎದ್ದುಹೋಗಿ ಕಾಗದ ತಂದ. ನಾನು ಕೇಳಿದ್ದಕ್ಕಿಂತ ಹೆಚ್ಚೇ ಇತ್ತು.

ಶಿವರಾತ್ರಿ ಹಿಂದಿನ ದಿನ ಬೆಳಿಗ್ಗೆ ಕಮಿಟಿಯವರು, ಊರವರು ಎಲ್ಲ ಮತ್ತಿಮರದ ಕೆಳಗೆ ಸೇರಿದ್ದರು. ನೀಲವ್ವ ಬಿಸಿನೀರು, ಬೂದಿ, ಅಂಟವಾಳಕಾಯಿಯ ನೊರೆ, ತೆಂಗಿನ ನಾರು ಇಟ್ಟುಕೊಂಡಿದ್ದಳು. ತೊಳೆಯುವುದು ಆಕೆಯ ಕೆಲಸ, ನಾನು ದೂರ ನಿಂತೆ. ಮಗುವಿಗೆ ಎರೆಯುವ ಹಾಗೆ ಒಂದು ಕೈ ಕಲ್ಲಿನ ಬೆನ್ನಿಗೆ ಕೊಟ್ಟು ಇನ್ನೊಂದರಿಂದ ತಿಕ್ಕುತ್ತಿದ್ದಳು. ಪ್ರತಿ ವರ್ಷ ಮೇಲಿನ ಜಿಡ್ಡಷ್ಟೇ ಹೋಗುತ್ತಿತ್ತಂತೆ. ಈ ಸಲ ನನ್ನ ಮುಖ ನೋಡಿ ನೋಡಿ ಮತ್ತೆ ಮತ್ತೆ ಬಿಸಿನೀರು ಹಾಕಿದಳು. ಕಪ್ಪು ನೀರು ಹರಿದು ಬೇರಿನ ಬುಡಕ್ಕೆ ಇಳಿಯಿತು.

ಕಾಗದ ಅಂಟಿಸಿ ಬಡಿದೆ. ಮಸಿ ತಟ್ಟಿದೆ. ಅಕ್ಷರ ಎದ್ದವು.

“ಇಂಗ್ಲಿಷ್ ಐತಲ್ರೀ ಇದು!” ಫಕೀರಪ್ಪ ಕೂಗಿ, ಓದಲು ಹೋಗಿ, ತಡವರಿಸಿ ನಿಂತ. “ಇಂಗ್ಲಿಷೂ ಅಲ್ಲ. ಏನ್ರೀ ಇದು ಮಾಸ್ತರ?”

ನನಗೆ ಮೊದಲನೆಯ ಸಾಲಿಗೇ ಗೊತ್ತಾಗಿತ್ತು. “ಎರ್ ಕೋವ್ ಅಮ್ ಇವಾನ್.” ಇವಾನನ ನೆನಪಿಗೆ. ಈ ಭಾಷೆಯನ್ನು ಹುಡುಕಿಕೊಂಡು ನಾನು ಎಷ್ಟೋ ವರ್ಷ ಧಾರವಾಡದ ಗ್ರಂಥಾಲಯಕ್ಕೆ ಬಸ್ಸಿನಲ್ಲಿ ಓಡಾಡಿದ್ದೆ. ಅದು ಇಲ್ಲಿ, ನನ್ನ ಬೆನ್ನ ಹಿಂದೆಯೇ, ಎಣ್ಣೆಯೊಳಗೆ ನಿಂತಿತ್ತು.

ಪೂರ್ತಿ ಓದಿದೆ. ಇಸವಿ ಇದ್ದ ಮೂಲೆ ಒಡೆದುಹೋಗಿತ್ತು. ಹೆಸರಿನ ಎರಡನೆಯ ಭಾಗವೂ ಹೋಗಿತ್ತು. ಮೊದಲು ನನಗೆ ಹೇಳ್ರಿ ಎಂದಿದ್ದಳಲ್ಲ, ಅದಕ್ಕೆ ನೀಲವ್ವನ ಕಡೆ ತಿರುಗಿ ಹೇಳಿದೆ.

“ಇದು ಸಮಾಧಿ ಕಲ್ಲವ್ವ. ಇವಾನ್ ಅಂತ ಒಬ್ಬ ಬಡಿಗ್ಯಾ. ವೇಲ್ಸ್ ದೇಶದಾಂವ. ಜ್ವರ ಬಂದು ಸತ್ತ. ಅಪರಿಚಿತರ ನಡುವ ಮಲಗ್ಯಾನ ಅಂತ ಬರದಾರ. ಜೋಡಿ ಕೆಲಸ ಮಾಡಿದವ್ರು ಕಲ್ಲು ನಿಲ್ಲಿಸ್ಯಾರ. ಕಡೀಗೆ, ಶಾಂತಿ ಅಂತ ಐತಿ.”

“ಮತ್ತ ಸೂರ್ಯ ಚಂದ್ರ?” ಫಕೀರಪ್ಪನ ದನಿ ಇಳಿದಿತ್ತು.

ನನಗೆ ತಿಳಿದಂತೆ ಹೇಳಿದೆ. ಬ್ರಿಟಿಷರ ಕಾಲದಲ್ಲಿ ಕಾಡಿನ ಕೆಲಸಕ್ಕೆ ಬಂದ ಆ ಮಂದಿ ಅಕ್ಷರ ಬರೆದ ಕಾಗದವನ್ನು ನಮ್ಮ ಕಡೆಯ ಕಲ್ಲುಕುಟಿಗನ ಕೈಗೆ ಕೊಟ್ಟಿರಬೇಕು. ಅವನು ಓದಲು ಬಾರದ ಅಕ್ಷರಗಳನ್ನು ಕಂಡ ಹಾಗೇ ಕೆತ್ತಿದ. ಆದರೆ ನೆನಪಿಗೆ ನಿಲ್ಲಿಸುವ ಕಲ್ಲು ಅಂದರೆ ಮೇಲೆ ಸೂರ್ಯ ಚಂದ್ರ ಇರಲೇಬೇಕು, ಅವು ಇರುವ ತನಕ ಇದೂ ಇರಲಿ ಎಂದು. ಕಾಗದದಲ್ಲಿ ಇಲ್ಲದಿದ್ದರೂ ತನ್ನ ರೂಢಿಯಂತೆ ಹಾಕಿಬಿಟ್ಟ. ಮುಂದೆ ಬಂದವರಿಗೆ ಓದಲು ಬಂದದ್ದು ಆ ಎರಡೇ. ಅದಕ್ಕೇ ದೇವರಾಯಿತು.

ಯಾರೋ ಕಮಿಟಿಯ ಹುಡುಗ ಕೂಗಿದ. “ಹೆಣದ ಕಲ್ಲಿಗೆ ಇಷ್ಟ ದಿನ ಕಾಯಿ ಒಡದ್ವಿ? ಅದೂ ಪರದೇಶದ್ದು? ಕಿತ್ತು ಹೊಳೀಗೆ ಹಾಕ್ರಿ.”

ಫಕೀರಪ್ಪ ನನ್ನನ್ನು ಮರದ ಹಿಂದೆ ಕರೆದುಕೊಂಡು ಹೋದ. “ಮಾಸ್ತರ, ಪೂರಾ ಓದಾಕ ಬರಲಿಲ್ಲ ಅನ್ರಿ. ದಾನಶಾಸನ ಇರಬಹುದು ಅಂತ ಬರೀರಿ. ನಿಮ್ಮ ಗುರುಗಳs ಅಂದಾರಲ್ಲ. ಕಲ್ಲೂ ಉಳೀತೈತಿ, ಗುಡೀನೂ ಆಗತೈತಿ.”

ನಿಜ ಹೇಳಬೇಕೆಂದರೆ ಕಲ್ಲು ಉಳಿಯುತ್ತದೆ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲೇ ಗುರುಗಳಿಗೆ ಫೋನ್ ಮಾಡಿದೆ. ವಯಸ್ಸಾಗಿತ್ತು, ಕಿವಿ ಮಂದ. ಎರಡು ಸಲ ಹೇಳಿದ ಮೇಲೆ ತಿಳಿಯಿತು. ಆಮೇಲೆ ಅಂದರು: “ನಾ ಫೋಟೋ ನೋಡೇನಿ, ನೀ ಕಲ್ಲು ಮುಟ್ಟೀದಿ. ನಿಂದ ಬರಿ. ನಂದ ತಪ್ಪು ಅಂತನೂ ಬರಿ. ಮತ್ತ ಒಂದ ಅಚ್ಚು ನನಗೂ ಕಳಸು, ನೋಡಬೇಕು.” ಗುರುಗಳು ಎಂದರೆ ಹೀಗಿರಬೇಕು ಎಂದು ಹೇಳಲಿಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನ್ನ ಹತ್ತಿರ ಇಲ್ಲ.

“ಸುಳ್ಳು ಬರಿಯಾಕ ಬರೂದಿಲ್ಲ,” ಅಂದೆ ಫಕೀರಪ್ಪನಿಗೆ. “ಒಂದ ಮಾತು ಕೇಳತೇನಿ. ನಿಮ್ಮ ಅಜ್ಜನ ಎಲ್ಲೆ ಮಣ್ಣ ಮಾಡೀರಿ?”

“ನಮ್ಮ ಹೊಲದಾಗ. ನಮ್ಮ ಮಂದ್ಯಾಗ ಸುಡೂದಿಲ್ಲ, ಗೊತ್ತೈತಲ್ಲ.”

“ಅಮಾಸಿಗೆ ಅಲ್ಲಿ ಕಾಯಿ ಒಡಿತೀರೇನು?”

“ಒಡಿತೇವಿ. ಜಾತ್ರಿಗೆ ಸ್ವಾಮಿಗಳ ಗದ್ದಿಗಿಗೂ ಹೋಗ್ತೇವಿ…” ಅಷ್ಟಕ್ಕೆ ನಿಂತ. ಗದ್ದಿಗೆ ಅಂದರೂ ಸಮಾಧಿಯೇ. ತಲೆ ಕೆರೆದುಕೊಂಡು ನನ್ನನ್ನೇ ನೋಡಿದ. “ವೇಲ್ಸ್ ಓದಿ ಕೆಟ್ರಿ ನೀವು ಮಾಸ್ತರ. ಸೀರಿ ವ್ಯಾಪಾರದಾಗ ಹಿಂಗ ಮಾತಾಡಿದ್ರ ನನ್ನ ಅಂಗಡೀನs ಮುಚ್ಚಸ್ತಿದ್ರಿ.”

ಅವನು ಮರದ ಈಚೆಗೆ ಬಂದು ಗಟ್ಟಿಯಾಗಿ ಹೇಳಿದ. “ಕೇಳ್ರಪ. ಗುಡ್ಯಾಗ ಹೊಸಾ ಲಿಂಗ ಇಡೂಣು. ಇಲ್ಲಿ ಮಲಗಿದಾಂವ ಪರದೇಶಿ, ದಿಕ್ಕಿಲ್ಲದಾಂವ. ಅಂಥಾವನ ಸಮಾಧಿ ಕಿತ್ತ ಊರು ಅಂತ ನಮ್ಮೂರಿಗೆ ಹೆಸರ ಬರೂದು ಬ್ಯಾಡ. ಕಲ್ಲು ಇದ್ದಲ್ಲೇ ಇರ್ಲಿ.” ಕೂಗಿದ ಹುಡುಗ ಏನೋ ಗೊಣಗಿದ. ಉಳಿದವರು ತಮ್ಮ ತಮ್ಮ ಅಜ್ಜಂದಿರ ಹೊಲ ನೆನೆಸಿಕೊಂಡರೋ ಏನೋ, ಯಾರೂ ಎದುರಾಡಲಿಲ್ಲ. ಒಬ್ಬೊಬ್ಬರೇ ಊರ ಕಡೆ ನಡೆದರು.

ನೀಲವ್ವ ಮಾತ್ರ ಒದ್ದೆ ನಾರು ಕೈಯಲ್ಲಿ ಹಿಡಿದು ಕಲ್ಲಿನ ಪಕ್ಕದಲ್ಲೇ ಕೂತಿದ್ದಳು.

“ಅಪರಿಚಿತರು ಅಂದ್ರ ನಾವs ಅಲ್ಲೇನ್ರಿ?”

“ಹೌದವ್ವ. ನಿಮ್ಮ ಹಿರಿಯರು.”

“ಹಂಗಾರ ನಮ್ಮ ಸುದ್ದಿನೂ ಬರದಾರ ಇದರಾಗ.” ಆಕೆಗೆ ಅದು ಹಿಡಿಸಿತು. “ಇವಾನಪ್ಪ,” ಎಂದು ಒಮ್ಮೆ ಅಂದು ನೋಡಿದಳು. ಆಮೇಲೆ ಎಣ್ಣೆಯ ಗಿಂಡಿಗೆ ಕೈ ಹಾಕಿದಳು.

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಕಲ್ಲು ಉಳಿದಿತ್ತು, ಮುದುಕಿಯೂ ಉಳಿದಿದ್ದಳು. ಆದರೆ ಮಣ್ಣೊಳಗೆ ಮಲಗಿದವನ ಮಂದಿಯನ್ನೇ ನಾನು ಜೀವಮಾನವಿಡೀ ಓದಿದವನು. ಅವನ ಪರವಾಗಿ ಮಾತಾಡುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

“ನೀಲವ್ವ, ಆತನ ಮಂದಿ ಕಲ್ಲಿಗೆ ಎಣ್ಣಿ, ಕುಂಕುಮ ಹಚ್ಚೂದಿಲ್ಲ. ದೀಪ ಇಲ್ಲ. ಅವರಿಗೆ ಅದು ಸೇರೂದಿಲ್ಲ.”

ಕೈ ಗಿಂಡಿಯ ಮೇಲೇ ನಿಂತಿತು. “ಮತ್ತ ಏನ ಮಾಡ್ತಿದ್ರು?”

“ಹಾಡತಿದ್ರು. ಎಲ್ಲಾರೂ ಕೂಡಿ. ರವಿವಾರ ದೊಡ್ಡವ್ರು ಸಣ್ಣವ್ರು ಒಂದ ಬೆಂಚಿನ ಮ್ಯಾಲೆ ಕುಂತು ಓದತಿದ್ರು.”

ಆಕೆ ಗಿಂಡಿ ಹಿಡಿದುಕೊಂಡೇ ಕಲ್ಲಿನ ಕಡೆ ತಿರುಗಿದಳು. ಇಷ್ಟು ವರ್ಷ ಹಚ್ಚಿದ್ದೆಲ್ಲ ಅವನಿಗೆ ಸೇರದ್ದೇ ಎಂದು ನೊಂದುಕೊಂಡಳೋ ಎಂದು ನನಗೆ ಅಳುಕಾಯಿತು. ಕೊನೆಗೆ ಬೆರಳ ತುದಿ ಎಣ್ಣೆಯಲ್ಲಿ ಅದ್ದಿ, ಮೇಲಿನ ಸೂರ್ಯನಿಗೊಂದು, ಚಂದ್ರನಿಗೊಂದು ಹಚ್ಚಿ, ಕುಂಕುಮ ಇಟ್ಟಳು.

“ಇವ ಎರಡು ನಮ್ಮ ಕಲ್ಲುಕುಟಿಗ್ಯಾ ಕೆತ್ತಿದ್ದು. ಇವಕ್ಕ ಹಚ್ಚತೇನಿ, ನಮ್ಮವು. ಅಕ್ಷರ ಆತನವು. ಅವಕ್ಕ ಹಚ್ಚೂದಿಲ್ಲ.” ಸೆರಗಿನಿಂದ ಅಕ್ಷರಗಳ ಮೇಲಿನ ನೀರು ಒರೆಸಿದಳು. “ಮತ್ತ ಆತಗ ಓದೂದು ಬೇಕು ಅಂದ್ರಿ. ನನಗ ಬರೂದಿಲ್ಲ. ನೀವು ಓದ್ರಿ.”

ನಾನು ಎದ್ದು ನಿಂತು ಓದಿದೆ. ಆ ಭಾಷೆಯನ್ನು ಒಬ್ಬರ ಎದುರಿಗೆ ಗಟ್ಟಿಯಾಗಿ ಓದಿದ್ದು ಅದೇ ಮೊದಲು.

ಈಗ ನಿವೃತ್ತನಾಗಿದ್ದೇನೆ. ವರದಿ ಬರೆದುಕೊಟ್ಟೆ, ಗುರುಗಳು ಅಂದದ್ದು ತಪ್ಪು ಎಂಬುದನ್ನೂ ಸೇರಿಸಿ. ಇವಾನ್ ಯಾವ ಊರಿನವನು, ಹಿಂದೆ ಯಾರಿದ್ದರು, ಎಷ್ಟು ಹುಡುಕಿದರೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಹುಡುಕಿರಿ. ಪ್ರತಿ ವರ್ಷ ಶಿವರಾತ್ರಿ ಹಿಂದಿನ ದಿನ ನಾನು ಬಸ್ಸು ಹಿಡಿದು ಹೋಗುತ್ತೇನೆ. ನೀಲವ್ವ ತೊಳೆಯುತ್ತಾಳೆ, ಮೇಲಿನ ಎರಡಕ್ಕೆ ಹಚ್ಚುತ್ತಾಳೆ, ಆಮೇಲೆ ಸರಿದು ಕೂತು “ಓದ್ರಿ” ಅನ್ನುತ್ತಾಳೆ. ನಾನು ಓದುತ್ತೇನೆ. ಹೋದ ವರ್ಷ ಒಂದು ಸಾಲಿನಲ್ಲಿ ತಡವರಿಸಿದೆ. ಆಕೆ ನೆಲ ನೋಡುತ್ತಲೇ ಮುಂದಿನ ಮಾತನ್ನು ಹೇಳಿಕೊಟ್ಟಳು.